ಬುಧವಾರ ಬೆಳಿಗ್ಗೆ ಹತ್ತರ ಗಂಟೆ

ಇಲ್ಲಿ ಇಂಗ್ಲೆಂಡಿನ ಆಫೀಸು ಕಟ್ಟಡಗಳಲ್ಲಿ ವಾರಕ್ಕೊಮ್ಮೆ, ಬುಧವಾರ ಹತ್ತು ಗಂಟೆಗೆ ಅಂದರೆ ಬುಧವಾರ ಹತ್ತು ಗಂಟೆಗೇ, ಫೈರ್ ಅಲಾರಂ ಬಡಿದುಕೊಳ್ಳುತ್ತದೆ. ಯಾರೂ ತಲೆ ಎತ್ತುವುದಿಲ್ಲ, ನಿಮಿಷದೊಳಗೆ ನಿಲ್ಲುತ್ತದೆ. ಫೈರ್ ಅಲಾರಂಗಳ ಬ್ರಿಟಿಷ್ ಮಾನದಂಡ ಬಿಎಸ್ 5839 ಹೇಳುವ ವಾರದ ಪರೀಕ್ಷೆ ಇದು. ಮೊದಲು ಅಲಾರಂ ಸಂದೇಶ ಹೋಗುವ ಮಾನಿಟರಿಂಗ್ ಕೇಂದ್ರಕ್ಕೆ ಫೋನ್ ಮಾಡಿ ತಿಳಿಸಬೇಕು. ಆಮೇಲೆ ಗೋಡೆಯ ಕೆಂಪು ಕಾಲ್ ಪಾಯಿಂಟಿಗೆ, ಅಂದರೆ ಬೆಂಕಿ ಕಂಡರೆ ಒತ್ತುವ ಪೆಟ್ಟಿಗೆಗೆ, ಕೀ ಹಾಕಿ, ಅಲಾರಂ ಪ್ಯಾನೆಲ್ ಕಟ್ಟಡದ ಸರಿಯಾದ ಝೋನ್ ತೋರಿಸಿತೇ, ಫೈರ್ ಡೋರನ್ನು ತೆರೆದು ಹಿಡಿದಿರುವ ಮ್ಯಾಗ್ನೆಟ್ ಬಿಟ್ಟಿತೇ ನೋಡಿ ಬರೆಯಬೇಕು. ಪ್ರತಿ ವಾರ ಬೇರೆ ಕಾಲ್ ಪಾಯಿಂಟ್. ನಲವತ್ತು ಇದ್ದರೆ ಸುತ್ತು ಮುಗಿಯಲು ನಲವತ್ತು ವಾರ.

ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಪ್ಯಾನೆಲ್ಲಿಗೆ ಕಮ್ಮಿ ಇಲ್ಲ, ಹೂಟರ್ ಮಾತ್ರ ಸೈಲೆನ್ಸಿನಲ್ಲಿರುತ್ತದೆ. ಸೋಮಾರಿತನ ಅನ್ನಲಾರೆ. ಒಂದು ಸಲ ಸುಮ್ಮಸುಮ್ಮನೆ ಬಡಿದುಕೊಂಡರೆ ಬೈಗುಳ ತಿನ್ನುವವನು ಆಪರೇಟರ್. ಅವನು ಇನ್ನೇನು ಮಾಡಿಯಾನು?

ಪಂಪ್ ರೂಮಿನಲ್ಲೂ ಇದೇ ಕತೆ. ಬೆಂಕಿ ಆರಿಸುವ ನೀರಿನ ಹೈಡ್ರಂಟ್ ಲೈನಿನಲ್ಲಿ ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡ ಇರಬೇಕು ಅಂದುಕೊಳ್ಳಿ. ಎಲ್ಲೋ ಮಹಡಿಯ ಲ್ಯಾಂಡಿಂಗ್ ವಾಲ್ವ್ ಜಿನುಗುತ್ತದೆ, ಇಲ್ಲವೇ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ ವಾಲ್ವಿನ ಸೀಟಿನಲ್ಲಿ ಕಸ ಕೂತಿರುತ್ತದೆ. ಒತ್ತಡ ಇಳಿದು ಇಳಿದು, ಅದನ್ನು ಕಾಯ್ದುಕೊಳ್ಳುವ ಚಿಕ್ಕ ಜಾಕಿ ಪಂಪ್ ಹತ್ತು ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲುತ್ತದೆ, ಕೊನೆಗೆ ಪಂಪಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರ್ ಸ್ವಿಚ್ಚು ಸುಡುತ್ತದೆ. ರಾತ್ರಿ ಪಾಳಿಯವನು ಸೆಲೆಕ್ಟರನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸುತ್ತಾನೆ. ಜಾಕಿ ಸುಮ್ಮನಾದ ಮೇಲೆ ಒತ್ತಡ ಇನ್ನಷ್ಟು ಇಳಿದು ಮೇನ್ ಪಂಪೇ ಗುಡುಗುತ್ತದೆ, ಅದನ್ನೂ ಮ್ಯಾನ್ಯುಯಲ್‌ಗೆ ತಿರುಗಿಸುತ್ತಾನೆ. ಈಗ ಬೆಂಕಿ ಬಿದ್ದರೆ ಯಾರಾದರೂ ನೆಲಮಾಳಿಗೆಗೆ ಓಡಿ ಬಟನ್ ಒತ್ತಬೇಕು. ಲಾಗ್ ಬುಕ್ಕಿನಲ್ಲಿ ಮಾತ್ರ ತಿಂಗಳಿಡೀ 7, 7, 7, ಒಂದೇ ಪೆನ್ನಿನಲ್ಲಿ. ನಿಜವಾದ ಗೇಜು 6.8 ತೋರಿಸುತ್ತದೆ, ನಾಳೆ 7.1 ತೋರಿಸುತ್ತದೆ. ನನಗಂತೂ ಗೀಟು ಹಾಕಿ ತಿದ್ದಿದ ಪುಸ್ತಕದ ಮೇಲೇ ಹೆಚ್ಚು ನಂಬಿಕೆ.

ಇಲ್ಲಿ ಇಂಗ್ಲೆಂಡಿನವರು ನಮಗಿಂತ ಶಿಸ್ತಿನವರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸ ಮಾಡುವವನೂ ಅದನ್ನು ನೋಡಿ ಸಹಿ ಹಾಕುವವನೂ ಇಲ್ಲಿ ಬೇರೆ ಬೇರೆ, ಅಷ್ಟೇ. ಜನ ಓಡಾಡುವ ಲಿಫ್ಟನ್ನು ಎತ್ತುವ ಯಂತ್ರಗಳ ಸುರಕ್ಷತೆಯ 1998ರ ಲೋಲರ್ ನಿಯಮದಂತೆ ಆರು ತಿಂಗಳಿಗೊಮ್ಮೆ ಸರ್ವಿಸ್ ಮಾಡದ ಇನ್ನೊಬ್ಬ ತಜ್ಞ ಪರೀಕ್ಷಿಸುತ್ತಾನೆ. ಜನರಿಗೆ ಗಂಭೀರ ಗಾಯವಾಗುವಂಥ ದೋಷ ಕಂಡರೆ ವರದಿಯ ಪ್ರತಿ ನೇರವಾಗಿ ಸರ್ಕಾರಿ ಪ್ರಾಧಿಕಾರಕ್ಕೂ ಹೋಗಬೇಕು. ನಮ್ಮಲ್ಲಿ ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಹುಡುಗನ ಸರ್ವಿಸ್ ಸ್ಲಿಪ್ಪಿಗೆ ಗೇಟಿನ ಸೆಕ್ಯುರಿಟಿಯವರು ಸಹಿ ಹಾಕುವುದೂ ಉಂಟು.

ಕರೆಂಟು ಹೋದಾಗ ಮಾತ್ರ ಲೆಕ್ಕ ತಿರುಗುಮುರುಗು. ಇಲ್ಲಿನ ಎಷ್ಟೋ ಆಫೀಸುಗಳಲ್ಲಿ ಡಿಜಿಯೇ, ಅಂದರೆ ಡೀಸೆಲ್ ಜನರೇಟರೇ ಇಲ್ಲ, ಜನರನ್ನು ಮನೆಗೆ ಕಳಿಸುತ್ತಾರೆ. ಬೆಂಗಳೂರಿನ ಶಿಫ್ಟ್ ಎಲೆಕ್ಟ್ರಿಷಿಯನ್ ಡಿಜಿ ಸ್ಟಾರ್ಟ್ ಆಗಲು ತಿರುಗುವ ಕ್ರ್ಯಾಂಕಿಂಗ್ ಸದ್ದು ಕೇಳಿಯೇ ಬ್ಯಾಟರಿ ಸೋತಿದೆ ಅನ್ನುತ್ತಾನೆ. ಆದರೆ ಡಿಜಿಯನ್ನು ವಾರಕ್ಕೆ ಐದು ನಿಮಿಷ ಲೋಡಿಲ್ಲದೆ ಓಡಿಸುವ ಅಭ್ಯಾಸ ಬಿಡಬೇಕು. ಇಂಜಿನ್ ಬಿಸಿಯೇರದೆ, ಉರಿಯದ ಡೀಸೆಲ್ಲು ಎಕ್ಸಾಸ್ಟಿನಲ್ಲಿ ಕರಿ ಅಂಟಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ, ಕನಿಷ್ಠ ಶೇ. 30 ಲೋಡಿನಲ್ಲಿ ಓಡಿಸಿ.

ಇನ್ನು ನೀರು. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 20ರಿಂದ 45 ಡಿಗ್ರಿ ನೀರಿನಲ್ಲಿ. ಅದಕ್ಕೇ ಇಲ್ಲಿ ಬಿಸಿನೀರನ್ನು 60 ಡಿಗ್ರಿಯಲ್ಲಿಟ್ಟು, ನಲ್ಲಿ ತಿರುಗಿಸಿದ ನಿಮಿಷದೊಳಗೆ 50 ಬರುವಂತೆ, ತಣ್ಣೀರು ಎರಡು ನಿಮಿಷದಲ್ಲಿ 20ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತಾರೆ. ಖಾಲಿ ಮಹಡಿಯ ನಲ್ಲಿಗಳನ್ನು ವಾರಕ್ಕೊಮ್ಮೆ ಬಿಟ್ಟು ಹರಿಸುತ್ತಾರೆ. ನಮ್ಮ ಟೆರೇಸಿನ ಕರಿ ಟ್ಯಾಂಕಿನ ನೀರು ಏಪ್ರಿಲ್ ಮಧ್ಯಾಹ್ನ ಎಷ್ಟು ಬಿಸಿ ಅಂತ ಅಳೆದವರು ಕಮ್ಮಿ. ವರ್ಕ್ ಫ್ರಮ್ ಹೋಂ ಬಂದಾಗ ಎಷ್ಟೋ ಮಹಡಿಗಳು ಖಾಲಿಯಾದವು. ಮಹಡಿ ಖಾಲಿಯಿದ್ದರೆ ನೀರು ಪೈಪಿನಲ್ಲೇ ನಿಂತಿರುತ್ತದೆ. ನಮ್ಮ ಪ್ಲಂಬರನ ಚೀಲದಲ್ಲಿ ಪೈಪ್ ರೆಂಚು, ಟೆಫ್ಲಾನ್ ಟೇಪು ಎಲ್ಲಾ ಇರುತ್ತವೆ, ಥರ್ಮಾಮೀಟರ್ ಒಂದು ಇರುವುದಿಲ್ಲ.