ವುಡಿಗೆ ಇನ್ನೊಂದು ಆಟ ಬೇಕಾ?

ವುಡಿ ಎಂಬ ಕೌಬಾಯ್ ಗೊಂಬೆ ಮತ್ತು ಅವನಂಥ ಜೀವವಿರುವ ಆಟಿಕೆಗಳ ಕತೆ ಹೇಳುವ ಅನಿಮೇಷನ್ ಸರಣಿ ‘ಟಾಯ್ ಸ್ಟೋರಿ’. 1995ರಲ್ಲಿ ಶುರುವಾದ ಈ ಸರಣಿಯ ಐದನೇ ಸಿನಿಮಾ 2026ರ ಜೂನ್ 19ಕ್ಕೆ ಎಂದು ಘೋಷಣೆಯಾಗಿದೆ. ಇದು ಬೇಕಿತ್ತಾ? ಬ್ರಹ್ಮಾವರ ಕಡೆಯ ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರು ‘ಬೇಕು’ ಎನ್ನುತ್ತಾರೆ. ಮಂಗಳೂರಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಪಾಲಿಗೆ ‘ಬೇಡ’ ಬಂದಿದೆ.

ಪರ: ಬೇಕು, ಈಗಲೇ ಬೇಕು

ನಮ್ಮ ಮನೆಯ ಅಟ್ಟದಲ್ಲಿ ಒಂದು ಬಸ್ಸಿದೆ. ಒಂದೂವರೆ ಅಡಿ ಉದ್ದ. ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಣ್ಣ ಮಾಡಿದ್ದು. ಚಕ್ರಗಳು ಹಳೇ ಹವಾಯಿ ಚಪ್ಪಲಿಯವು, ದುಂಡಗೆ ಕೊಯ್ದದ್ದು. ಎದುರಿನ ಗಾಜಿಗೆ ಹೊಸ ಅಂಗಿಯ ಡಬ್ಬದ ಪ್ಲಾಸ್ಟಿಕ್. ಮೇಲೆ ಬೋರ್ಡು: ಕುಂದಾಪುರ–ಉಡುಪಿ–ಮಂಗಳೂರು. ಪಕ್ಕದಲ್ಲಿ ಕೆಂಪು ಪೇಂಟಿನಲ್ಲಿ ‘ಎಕ್ಸ್‌ಪ್ರೆಸ್’. ನಮ್ಮ ಕಡೆಯ ಹುಡುಗರಿಗೆ ಬಸ್ಸಿನ ಹುಚ್ಚು ಎಷ್ಟು ಅಂತ ಬೇರೆ ಊರಿನವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. ಹಾರ್ನ್ ಕೇಳಿಯೇ ಯಾವ ಬಸ್ಸು ಬಂತು ಎಂದು ಹೇಳುತ್ತಾರೆ. ಅಣ್ಣ ಡ್ರೈವರ್, ನಾನು ಕಂಡಕ್ಟರ್. ತುಳಸಿಕಟ್ಟೆ ಉಡುಪಿ, ಬಾವಿಕಟ್ಟೆ ಮಂಗಳೂರು. “ರೈಟ್ ಪೋಯಿ!” ಎಂದು ಕೂಗಿ ಕೂಗಿ ಸಂಜೆಗೆ ನನ್ನ ಗಂಟಲು ಹೋಗಿರುತ್ತಿತ್ತು.

ಅಣ್ಣ ದೊಡ್ಡವನಾದ, ದುಬೈಗೆ ಹೋದ. ಬಸ್ಸು ನನ್ನದಾಯಿತು, ಆಮೇಲೆ ಅಟ್ಟ ಸೇರಿತು. 2020ರಲ್ಲಿ ಶಾಲೆ ಮುಚ್ಚಿದಾಗ ಆರು ವರ್ಷದ ನನ್ನ ಮಗ ಅದನ್ನು ಕೆಳಗಿಳಿಸಿದ. ಎರಡೇ ದಿನಕ್ಕೆ ಬೋರ್ಡು ಕಿತ್ತು, ಬಿಳಿ ಕಾಗದ ಅಂಟಿಸಿ ಆಂಬುಲೆನ್ಸ್ ಮಾಡಿಬಿಟ್ಟ. ವೀಡಿಯೊ ಕಾಲ್‌ನಲ್ಲಿ ನೋಡಿದ ಅಣ್ಣನಿಗೆ ಸಿಟ್ಟು. “ಬೋರ್ಡು ಎಂತಕ್ಕೆ ತೆಗ್ದದ್ದು ಮಾರಾಯ್ತಿ? ಅದು ಎಕ್ಸ್‌ಪ್ರೆಸ್ ಅಲ್ವಾ?” ಎಂದ. ಐದು ನಿಮಿಷ ಮುಖ ಊದಿಸಿಕೊಂಡಿದ್ದ. ಆಮೇಲೆ, “ಮೇಲೊಂದು ನೀಲಿ ಲೈಟ್ ಇಡ್ಲಿಕ್ಕೆ ಹೇಳು ಅವನಿಗೆ” ಎಂದ.

‘ಇನ್ನೊಂದು ಭಾಗ ಯಾಕೆ?’ ಎಂದು ಕೇಳುವವರೆಲ್ಲ ನನಗೆ ಆ ಐದು ನಿಮಿಷದ ಅಣ್ಣನ ಹಾಗೆ ಕಾಣುತ್ತಾರೆ.

‘ಮೂರಕ್ಕೇ ಮುಗಿಯಬೇಕಿತ್ತು’ ಎನ್ನುವವರದ್ದು ಒಂದು ಸಂಘವೇ ಇದೆ. ಸದಸ್ಯರಾಗಲು ಒಂದೇ ಅರ್ಹತೆ, 2010ರಲ್ಲಿ ಥಿಯೇಟರಿನಲ್ಲಿ ಕೂತು ಅತ್ತಿರಬೇಕು. ಹಾಗೆ ನೋಡಿದರೆ ನಾನೂ ಸದಸ್ಯೆಯೇ. ಕಾಲೇಜಿನ ಗೆಳತಿಯರ ಜೊತೆ ಮಂಗಳೂರಿಗೆ ಹೋಗಿ ನೋಡಿದ್ದೆ. ಆಟಿಕೆಗಳ ಒಡೆಯ ಆ್ಯಂಡಿ ಎಂಬ ಹುಡುಗ ಕಾಲೇಜಿಗೆ ಹೊರಡುವ ಮುಂಚೆ ಆಟಿಕೆಗಳನ್ನೆಲ್ಲ ಬಾನಿ ಎಂಬ ಪುಟ್ಟ ಹುಡುಗಿಗೆ ಕೊಡುತ್ತಾನೆ. ಕೊಟ್ಟು ಸುಮ್ನೆ ಹೋಗುವುದಿಲ್ಲ, ಅವಳ ಜೊತೆ ಒಂದಷ್ಟು ಹೊತ್ತು ಆಡಿಯೇ ಹೋಗುತ್ತಾನೆ. ಅಲ್ಲಿ ನಮ್ಮ ಸಾಲಿನಲ್ಲಿ ಯಾರ ಕರ್ಚೀಫೂ ಒಣಗಿರಲಿಲ್ಲ. ಸರಿ, ಅತ್ತೆವು. ಅಳು ಬಂತು ಎನ್ನುವುದು ಕತೆ ನಿಲ್ಲಿಸಲು ಕಾರಣವಾ? ಅವತ್ತು ಮುಗಿದದ್ದು ಆ್ಯಂಡಿಯ ಬಾಲ್ಯ. ಸಿನಿಮಾದ ಹೆಸರು ‘ಆ್ಯಂಡಿ ಸ್ಟೋರಿ’ ಅಲ್ಲವಲ್ಲ.

ಒಂದೊಂದು ಭಾಗದಲ್ಲೂ ಆಟಿಕೆಗೆ ಒಂದೊಂದು ಹೊಸ ಹೆದರಿಕೆ. ಮೊದಲನೆಯದರಲ್ಲಿ ಹೊಸ ಆಟಿಕೆ ಬಂತು, ನನ್ನ ಜಾಗ ಹೋಯಿತು ಎಂಬ ಹೊಟ್ಟೆಕಿಚ್ಚು. ಎರಡನೆಯದರಲ್ಲಿ ಮ್ಯೂಸಿಯಮ್ಮಿನ ಗಾಜಿನೊಳಗೆ ನೂರು ವರ್ಷ ಚಂದ ಇರುವುದಾ, ಮಗುವಿನ ಕೈಯಲ್ಲಿ ನಾಲ್ಕು ವರ್ಷ ಸವೆಯುವುದಾ ಎಂಬ ಪ್ರಶ್ನೆ. ಮೂರನೆಯದರಲ್ಲಿ ಮಗು ದೊಡ್ಡದಾಯಿತು. ನಾಲ್ಕನೆಯದರಲ್ಲಿ ವುಡಿ ಕಸದಿಂದ ಎತ್ತಿಕೊಟ್ಟ ಪ್ಲಾಸ್ಟಿಕ್ ಚಮಚಕ್ಕೆ ಬಾನಿ ಕೈಕಾಲು ಅಂಟಿಸುತ್ತಾಳೆ. ಆ ಚಮಚಕ್ಕೆ ತಾನು ಕಸವೋ ಆಟಿಕೆಯೋ ಎಂಬ ಗೊಂದಲ. (ನಮ್ಮ ಬಸ್ಸಿನ ಚಪ್ಪಲಿ ಚಕ್ರಗಳಿಗೂ ಅದೇ ಗೊಂದಲ ಇದ್ದೀತು.)

ಐದನೆಯದರಲ್ಲಿ ಬಾನಿಯ ಕೈಗೆ ಕಪ್ಪೆಯ ಆಕಾರದ ಒಂದು ಟ್ಯಾಬ್ಲೆಟ್ ಬರುತ್ತದೆ. ಹೆಸರು ಲಿಲಿಪ್ಯಾಡ್. ಮಗು ಇನ್ನೂ ಚಿಕ್ಕದೇ, ಆದರೂ ಆಟ ನಿಂತಿದೆ. ಈ ಹೆದರಿಕೆ ಹಿಂದಿನ ನಾಲ್ಕರಲ್ಲಿ ಎಲ್ಲೂ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. 1995ರಲ್ಲಿ ಮಕ್ಕಳ ಕೈಯಲ್ಲಿ ಟ್ಯಾಬ್ ಎಲ್ಲಿತ್ತು?

ಇದನ್ನು ನಾನು ಪೇಪರಿನಲ್ಲಿ ಓದಿ ಹೇಳುತ್ತಿಲ್ಲ. ನನ್ನದು ನಲಿ-ಕಲಿ ತರಗತಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮೊದಲೆಲ್ಲ ಮಧ್ಯಾಹ್ನ ಊಟದ ನಂತರ ಒಂದು ಹಗ್ಗ ಸಿಕ್ಕಿದರೆ ಸಾಕಿತ್ತು. ಎರಡು ತುದಿ ಗಂಟು ಹಾಕಿ, ಒಳಗೆ ಎಂಟು ಮಕ್ಕಳು ನಿಂತು ಬಸ್ಸು ಬಿಡುತ್ತಿದ್ದರು. ಕಳೆದ ವರ್ಷ ನಾನೇ ಹಗ್ಗ ತಂದುಕೊಟ್ಟೆ. ಒಬ್ಬ ಹುಡುಗ ಅದನ್ನು ನೋಡಿ, “ಟೀಚರ್, ಇದರಲ್ಲಿ ಎಂತ ಮಾಡುದು?” ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ. ಹೇಳಿಕೊಟ್ಟೆ. ಮೂರು ರೌಂಡ್ ಓಡಿದ ಮೇಲೆ ಬಿಡಲಿಲ್ಲ ಎನ್ನಿ. ಆದರೆ ಆಟ ಹೇಳಿಕೊಡಬೇಕಾಯಿತಲ್ಲ!

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಆ ಎರಡು ವರ್ಷ ಮೊಬೈಲನ್ನು ಕೈಗೆ ಕೊಟ್ಟವರು ನಾವೇ. ‘ಪಾಠ ಕಳಿಸಿದ್ದೇನೆ, ಮಗುವಿಗೆ ಫೋನ್ ಕೊಡಿ’ ಎಂದು ಮನೆಮನೆಗೆ ಕರೆ ಮಾಡಿದವಳು ನಾನು. ಈಗ ಜೂನ್‌ನಲ್ಲಿ ಮಳೆ ಜೋರಾಗಿ ಡಿಸಿ ರಜೆ ಕೊಟ್ಟರೆ ಮಕ್ಕಳು ಅಂಗಳದ ನೀರಿಗೆ ದೋಣಿ ಬಿಡುವುದಿಲ್ಲ, ಚಾರ್ಜರ್ ಹುಡುಕುತ್ತಾರೆ. ಈ ವಿಷಯವನ್ನು ನಾನು ಪೇರೆಂಟ್ಸ್ ಮೀಟಿಂಗ್‌ನಲ್ಲಿ ಹೇಳಿದರೆ ಆಕಳಿಸುತ್ತಾರೆ. ವುಡಿ ಹೇಳಿದರೆ ಕೇಳಬಹುದು.

ಎರಡನೇ ಭಾಗ ಹೇಗೆ ಹುಟ್ಟಿತು ಎನ್ನುವುದೂ ಗೊತ್ತಿರಲಿ. ಅದನ್ನು ಥಿಯೇಟರಿಗೆ ಅಂತ ಶುರು ಮಾಡಿದ್ದೇ ಅಲ್ಲ, ಬರೀ ವೀಡಿಯೊ ಕ್ಯಾಸೆಟ್ಟಿಗೆ. 1998ರಲ್ಲಿ ಯಾರೋ ತಪ್ಪು ಕಮಾಂಡ್ ಕೊಟ್ಟು ಸಿನಿಮಾದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಕೂಡ ಕೈಕೊಟ್ಟಿತು. ಗ್ಯಾಲಿನ್ ಸುಸ್ಮನ್ ಎಂಬಾಕೆ ಆಗಷ್ಟೇ ಹೆತ್ತು, ಮಗು ಪಕ್ಕದಲ್ಲಿಟ್ಟುಕೊಂಡು ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದರಿಂದ ಸಿನಿಮಾ ಉಳಿಯಿತು. ಆಮೇಲೆ ಕತೆ ಚೆನ್ನಾಗಿಲ್ಲ ಎಂದು ಒಂಬತ್ತು ತಿಂಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಹೊಸದಾಗಿ ಮಾಡಿದರು. ಅದು 1999ರಲ್ಲಿ ಬಂತು. ಮೊದಲನೆಯದಕ್ಕಿಂತ ಅದೇ ವಾಸಿ ಎನ್ನುವವರಲ್ಲಿ ನಾನೂ ಒಬ್ಬಳು. ‘ಬೇಡದ ಭಾಗ’ ಎಂದರೆ ಅದೇ ಆಗಬೇಕಿತ್ತು, ಅಲ್ವಾ?

ದುಡ್ಡಿಗೋಸ್ಕರ ಮಾಡುತ್ತಾರೆ ಅಂತಾರೆ. ಹೌದು. ನಾನೂ ಸಂಬಳಕ್ಕೇ ಪಾಠ ಮಾಡುವುದು.

ಇನ್ನು ‘ಅದೇ ಕತೆ, ಅದೇ ಪಾತ್ರ’ ಎಂಬ ಮಾತು. ಇದನ್ನು ಘಟ್ಟದ ಮೇಲಿನವರು ಹೇಳಿದರೆ ಕ್ಷಮಿಸಬಹುದು. ನಾವು ಹೇಳಬಾರದು. ಕಟೀಲು ಮೇಳಗಳ ‘ದೇವಿ ಮಹಾತ್ಮೆ’ ಯಕ್ಷಗಾನ ಆಟ ಎಷ್ಟು ಸಲ ನೋಡಿದ್ದೀರಿ? ಮಹಿಷಾಸುರ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೂ ದೊಂದಿ ಹಿಡಿದು, ಬೊಬ್ಬೆ ಹಾಕುತ್ತಾ ಅವನು ಜನರ ಮಧ್ಯದಿಂದ ಬರುವಾಗ ನಿದ್ದೆ ಹೋದ ಮಕ್ಕಳನ್ನು ತಟ್ಟಿ ಎಬ್ಬಿಸುವುದಿಲ್ವಾ? ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತೇವೆ. ‘ಹೋದ ವರ್ಷವೇ ಆಯಿತಲ್ಲ, ಪುನಃ ಯಾಕೆ’ ಎಂದು ಯಾರೂ ಕೇಳಿದ್ದಿಲ್ಲ.

ಮಗನಿಗೆ ಈಗ ಹನ್ನೆರಡು. ಆಂಬುಲೆನ್ಸ್ ಪುನಃ ಅಟ್ಟಕ್ಕೆ ಹೋಗಿದೆ. ಜುಲೈಯಲ್ಲಿ ಅಣ್ಣನ ಮಗಳು ದುಬೈಯಿಂದ ರಜೆಗೆ ಬರುತ್ತಾಳೆ. ಐದು ವರ್ಷ, ಕೈಯಲ್ಲಿ ಸದಾ ಟ್ಯಾಬ್. ಬಸ್ಸಿನ ಹಿಂದಿನ ಒಂದು ಚಕ್ರ ಬಿದ್ದುಹೋಗಿದೆ. ಹಳೇ ಹವಾಯಿ ಚಪ್ಪಲಿ ಹುಡುಕುತ್ತಿದ್ದೇನೆ.

ವಿರೋಧ: ಬೇಡ, ಸಾಕು

‘ಬೇಡ’ ಎಂದು ಬರೆಯಬೇಕಂತೆ. “ಸರ್, ಬೇಕು ಅನ್ನಲಿಕ್ಕೆ ಆಗಲೇ ಒಬ್ಬರು ಸಿಕ್ಕಿದ್ದಾರೆ” ಎಂದರು ಫೋನು ಮಾಡಿದವರು. ತಾಳಮದ್ದಳೆಯಲ್ಲಿ ಕೌರವನ ಪಾತ್ರ ಕೊಟ್ಟ ಮೇಲೆ ಕೌರವನ ಪರವೇ ಮಾತಾಡಬೇಕು. ಮಾತಾಡುತ್ತೇನೆ.

ಬ್ಯಾಂಕಿನಲ್ಲಿದ್ದವನು ನಾನು. ಹಾಗಾಗಿ ಮೊದಲು ಲೆಕ್ಕ. ಈ ಸಿನಿಮಾಗಳನ್ನು ಮಾಡುವ ಪಿಕ್ಸಾರ್ ಕಂಪನಿಯನ್ನು ಡಿಸ್ನಿ 2006ರಲ್ಲಿ 740 ಕೋಟಿ ಡಾಲರಿಗೆ ಕೊಂಡಿತು. ಟಾಯ್ ಸ್ಟೋರಿ ಮೂರನೇ ಭಾಗ 2010ರಲ್ಲಿ ನೂರು ಕೋಟಿ ಡಾಲರ್ ದಾಟಿತು. ನಾಲ್ಕನೆಯದು 2019ರಲ್ಲಿ ಬಂದು ಅದೂ ನೂರು ಕೋಟಿ ದಾಟಿತು. ಎರಡರ ಗಳಿಕೆಯೂ ಹೆಚ್ಚುಕಡಿಮೆ ಒಂದೇ. ಎರಡಕ್ಕೂ ಆಸ್ಕರ್ ಬಂತು. ಇದನ್ನು ನಮ್ಮ ಭಾಷೆಯಲ್ಲಿ ಎಫ್‌ಡಿ ರಿನೀವಲ್ ಎನ್ನುತ್ತೇವೆ. ಒಂಬತ್ತು ವರ್ಷ ಬಿಟ್ಟು ಅದೇ ಅಸಲು, ಅದೇ ಬಡ್ಡಿ. ಗಿರಾಕಿ ಬ್ಯಾಂಕಿಗೆ ಬರುವುದೂ ಬೇಡ, ತನ್ನಷ್ಟಕ್ಕೆ ರಿನ್ಯೂ ಆಗುತ್ತದೆ. 2022ರಲ್ಲಿ ವುಡಿಯ ಗೆಳೆಯ ಬಜ್ ಲೈಟ್‌ಇಯರ್ ಒಬ್ಬನ ಮೇಲೆ ಬೇರೆ ಖಾತೆ ತೆರೆದರು. ಅದು ಏಳಲಿಲ್ಲ. ಪುನಃ ಹಳೇ ಎಫ್‌ಡಿಗೇ ಬಂದರು.

ಹೊಸ ಖಾತೆದಾರರ ಗತಿ ಏನು? 2025ರ ಜೂನ್‌ನಲ್ಲಿ ಪಿಕ್ಸಾರ್ ‘ಎಲಿಯೊ’ ಎಂಬ ಹೊಚ್ಚಹೊಸ ಕತೆ ತಂದಿತು. ಅಮೆರಿಕದಲ್ಲಿ ಆ ಕಂಪನಿಯ ಸಿನಿಮಾಗಳಲ್ಲೇ ತೀರಾ ಕಡಿಮೆ ಗಳಿಕೆಯ ಆರಂಭ ಅದರದ್ದು. ಅದಕ್ಕಿಂತ ಒಂದು ವರ್ಷ ಮುಂಚೆ ‘ಇನ್‌ಸೈಡ್ ಔಟ್’ ಎರಡನೇ ಭಾಗ ಸುಮಾರು 170 ಕೋಟಿ ಡಾಲರ್ ಮಾಡಿತ್ತು. ಇದನ್ನು ನೋಡಿದ ಯಾವ ಮ್ಯಾನೇಜರ್ ಹೊಸ ಸಾಲಕ್ಕೆ ಸಹಿ ಹಾಕುತ್ತಾನೆ? ನಾನಾದರೂ ಹಾಕುತ್ತಿರಲಿಲ್ಲ. (ಇದು ನನ್ನ ವಾದಕ್ಕೆ ಸಹಾಯ ಮಾಡುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ. ಇರಲಿ.)

ಯಕ್ಷಗಾನದ ಮಾತನ್ನು ಎದುರಿನವರು ಎತ್ತಿಯೇ ಎತ್ತುತ್ತಾರೆ. ನಮ್ಮೂರಲ್ಲಿ ಯಾವ ಚರ್ಚೆಯಾದರೂ ಹತ್ತು ನಿಮಿಷದಲ್ಲಿ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಮುಟ್ಟುತ್ತದೆ. ಸರಿ, ನಾನೂ ಕೇಳುತ್ತೇನೆ. ತಿರುಗಾಟ ಮುಗಿಸುವ ದಿನ ಪತ್ತನಾಜೆ ಬಂದ ಮೇಲೆ ಮೇಳದವರು ಗೆಜ್ಜೆ ಬಿಚ್ಚುತ್ತಾರೋ ಇಲ್ಲವೋ? ಎಂಥ ದೊಡ್ಡ ಕಲಾವಿದನಾದರೂ ಬಿಚ್ಚಬೇಕು. ವುಡಿಗೆ ಪತ್ತನಾಜೆ ಯಾವಾಗ? ಈ ಸಾಲು ಬರೆದು ಮನೆಯವಳಿಗೆ ಓದಿ ಹೇಳಿದೆ. “ದೀಪಾವಳಿ ಕಳೆದ ಮೇಲೆ ಪುನಃ ಕಟ್ಟುತ್ತಾರಲ್ಲ” ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದು ವಿಷಯ. ಆ ಆಟಿಕೆಗಳಲ್ಲೊಬ್ಬನಾದ ಮಿಸ್ಟರ್ ಪೊಟೇಟೊ ಹೆಡ್‌ಗೆ ಧ್ವನಿ ಕೊಡುತ್ತಿದ್ದ ಡಾನ್ ರಿಕಲ್ಸ್ 2017ರಲ್ಲಿ ತೀರಿಕೊಂಡರು. ನಾಲ್ಕನೇ ಭಾಗಕ್ಕೆ ಅವರ ರೆಕಾರ್ಡಿಂಗ್ ಇನ್ನೂ ಆಗಿರಲಿಲ್ಲ. ಹಳೇ ಟೇಪುಗಳಿಂದ ಮಾತು ಹೆಕ್ಕಿ ಜೋಡಿಸಿದರು. ಮನೆಯವರ ಒಪ್ಪಿಗೆ ತೆಗೆದುಕೊಂಡೇ ಮಾಡಿದರು, ತಪ್ಪು ಅನ್ನಲಾರೆ. ಆದರೆ ಹೋದವರನ್ನೂ ಕೆಲಸಕ್ಕೆ ಕರೆಯುವುದು ಎಂದರೆ ನನಗೆ ನಮ್ಮ ಹೆಡ್ ಕ್ಯಾಶಿಯರ್ ನೆನಪಾಗುತ್ತಾರೆ. ಅವರು ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಮಾತು ಬೇರೆ.

ಅವರು ನಿವೃತ್ತರಾದ ದಿನ ಬ್ರಾಂಚಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೂವತ್ತಾರು ವರ್ಷದ ಸರ್ವಿಸು. ಮೀನು ಮಾರುವ ಹೆಂಗಸರು ಬುಟ್ಟಿ ಹೊರಗಿಟ್ಟು ಬಂದು ನಿಂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನಪತ್ರ. ಗೋಳಿಬಜೆ ಎರಡು ಸಲ ತರಿಸಬೇಕಾಯಿತು. ಭಾಷಣ ನನ್ನದು. ಅವರು ನೋಟು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಎಣಿಸುತ್ತಿದ್ದರು, ಆ ಕತೆ ಹೇಳಿ ಎಲ್ಲರನ್ನೂ ನಗಿಸಿದೆ. ಕೊನೆಗೆ ಗಂಟಲು ಕಟ್ಟಿತು. ಅವರು ಕೌಂಟರಿನ ಸ್ಪಂಜಿನ ಡಬ್ಬಿಯೊಂದನ್ನು ನೆನಪಿಗೆ ಅಂತ ಕೇಳಿ ತೆಗೆದುಕೊಂಡು ಹೋದರು.

ಮೂರು ತಿಂಗಳಿಗೆ ವಾಪಸ್ ಬಂದರು. ಬ್ರಾಂಚಿನಲ್ಲಿ ಜನ ಇಲ್ಲ, ಒಂದು ವರ್ಷಕ್ಕೆ ಕಾಂಟ್ರಾಕ್ಟ್ ಎಂದು ಮೇಲಿನವರು ಕರೆಸಿದ್ದರು. ಅದೇ ಕೌಂಟರ್, ಅದೇ ಸ್ಪಂಜಿನ ಡಬ್ಬಿ. ಬಂದವರೆಲ್ಲ “ನೀವು ಹೋಗಿದ್ರಲ್ಲ?” ಎಂದು ಕೇಳುವುದು, ಅವರು ಎಣಿಕೆ ತಪ್ಪಿ ಮೊದಲಿನಿಂದ ಶುರು ಮಾಡುವುದು. ವರ್ಷ ಮುಗಿದಾಗ ಪುನಃ ಒಂದು ಬೀಳ್ಕೊಡುಗೆ. ಮಾಡದೆ ಇರುವುದು ಹೇಗೆ? ಹನ್ನೊಂದು ಜನ ಇದ್ದೆವು. ಚಹಾ, ಬಿಸ್ಕೆಟ್. ಶಾಲಿನ ಬಣ್ಣವೂ ಹಳೆಯದೇ. ಭಾಷಣಕ್ಕೆ ನನ್ನನ್ನೇ ನಿಲ್ಲಿಸಿದರು. ನೋಟು ಎಣಿಸುವ ಕತೆ ಬಿಟ್ಟರೆ ನನ್ನ ಹತ್ತಿರ ಬೇರೆ ಇರಲಿಲ್ಲ, ಅದನ್ನೇ ಹೇಳಿದೆ. ಒಬ್ಬರು ಗಡಿಯಾರ ನೋಡಿದರು. ಇಳಿದು ಬಂದಾಗ ಅವರು ನನ್ನ ಕಿವಿಯ ಹತ್ತಿರ ಬಂದು, “ಮೊದಲನೆಯದೇ ಸಾಕಿತ್ತು ಮಾರಾಯ್ರೆ. ಆವತ್ತು ನನಗೆ ನಿಜವಾಗಿ ಬೇಜಾರಾಗಿತ್ತು” ಎಂದರು.

ವುಡಿಗೆ 2010ರಲ್ಲಿ ಒಂದು ಸಲ ಶಾಲು ಹೊದಿಸಿದೆವು. 2019ರಲ್ಲಿ ಗೆಳತಿ ಬೊ ಪೀಪ್ ಜೊತೆ ಹೊರಟಾಗ ಇನ್ನೊಂದು ಸಲ. ಈಗ ಟಾಮ್ ಹ್ಯಾಂಕ್ಸ್ ಪುನಃ ಧ್ವನಿ ಕೊಟ್ಟಿದ್ದಾರಂತೆ. ನನ್ನ ಹತ್ತಿರ ನೋಟು ಎಣಿಸುವ ಕತೆ ಒಂದೇ ಇರುವುದು.

ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ ಎಂದು ಮೊಮ್ಮಗಳು ಹೇಳಿದಳು. ಮೊದಲ ಭಾಗದಿಂದಲೂ ಕತೆ ಬರೆಯುವವರಲ್ಲಿ ಒಬ್ಬರು, ‘ಫೈಂಡಿಂಗ್ ನೀಮೊ’ ಮಾಡಿದವರು. ಆಳು ಒಳ್ಳೆಯವರೇ. ಜೂನ್ 19 ಶುಕ್ರವಾರ, ಅವಳಿಗೆ ಶಾಲೆ ಇದೆ. ಶನಿವಾರ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ಎಂದು ಮಾತಾಗಿದೆ. ಮಳೆ ಬಿಟ್ಟಿದ್ದರೆ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸು, ಇಲ್ಲದಿದ್ದರೆ ರಿಕ್ಷಾ. ಪಾಪ್‌ಕಾರ್ನ್ ಇಂಟರ್ವಲ್‌ಗೆ ಮಾತ್ರ ಎಂದು ಮೊದಲೇ ಹೇಳಿದ್ದೇನೆ.