ಹ್ಯಾಮ್ಲೆಟ್, ಸ್ವಲ್ಪ ಪಕ್ಕಕ್ಕೆ ಸರಿ, ನಮ್ಮ ಹೀರೋ ಕಾಣ್ತಿಲ್ಲ

ನನ್ನ ಗೆಳೆಯನೊಬ್ಬ ನಾಟಕ ನೋಡಲೆಂದೇ ವಿಮಾನ ಹತ್ತಿ ಹೋಗಿ ಬಂದ. ಅವನ ಮೆಚ್ಚಿನ ಸಿನಿಮಾ ನಟ ರಂಗದ ಮೇಲೆ ಬರುತ್ತಾನೆ, ಇಂಥ ಅವಕಾಶ ಜನ್ಮಕ್ಕೊಂದೇ ಸಲ ಅಂತ ಆರು ತಿಂಗಳು ನನ್ನ ತಲೆ ತಿಂದಿದ್ದ. ವಾಪಸ್ ಬಂದ ಮೇಲೆ ಕೇಳಿದೆ.

"ನಾಟಕ ಹೇಗಿತ್ತೋ?"

"ಅವನನ್ನ ನೋಡಿಬಿಟ್ಟೆ ಕಣೋ!"

"ಅದು ಸರಿ. ನಾಟಕ?"

"ಒಂದ್ಸಲ ನಾನು ಕೂತಿದ್ದ ಕಡೆಗೇ ತಿರುಗಿ ನೋಡ್ದ. ನಾಲ್ಕು ಸೆಕೆಂಡು."

"ಕತೆ ಏನು ಮಾರಾಯ?"

ಸ್ವಲ್ಪ ಹೊತ್ತು ಯೋಚಿಸಿದ. "ಕೊನೇಲಿ ಎಲ್ರೂ ಸಾಯ್ತಾರೆ. ಅವನು ಸತ್ತಾಗ ಅಳು ಬಂತು. ಉಳಿದೋರು ಯಾಕೆ ಸತ್ರು ಅಂತ ಮಾತ್ರ ಗೊತ್ತಾಗ್ಲಿಲ್ಲ."

ಹಾಗಾದರೆ ಅದು ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟೇ ಇರಬೇಕು ಅಂದೆ. ಹೌದು ಅಂದ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಬೆಳ್ಳಿತೆರೆಯವರಿಗೆ ರಂಗಭೂಮಿಯ ನೆನಪಾದಾಗಲೆಲ್ಲ ಆ ಡೆನ್ಮಾರ್ಕಿನ ರಾಜಕುಮಾರನಿಗೇ ಗ್ರಹಚಾರ. 2008ರಲ್ಲಿ ಡೇವಿಡ್ ಟೆನೆಂಟ್ ಹ್ಯಾಮ್ಲೆಟ್ ಆದರು. ಟಿವಿ ಧಾರಾವಾಹಿಯ 'ಡಾಕ್ಟರ್ ಹೂ' ಬರುತ್ತಾನೆ ಅಂತ ಜನ ಶೇಕ್ಸ್‌ಪಿಯರನ ಹುಟ್ಟೂರಿಗೆ ಹೊರಟರು. 2015ರಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹ್ಯಾಮ್ಲೆಟ್ ಆದರು. ಲಂಡನ್ನಿನ ಬಾರ್ಬಿಕನ್ ಸೆಂಟರ್‌ಗೆ ಬಂದವರು ಅವರು ಟಿವಿಯಲ್ಲಿ ಮಾಡಿದ ಷರ್ಲಾಕ್ ಹೋಮ್ಸ್‌ನ ಅಭಿಮಾನಿಗಳು. 2017ರಲ್ಲಿ ಟಾಮ್ ಹಿಡಲ್‌ಸ್ಟನ್ ಹ್ಯಾಮ್ಲೆಟ್ ಆದರು. ಮಾರ್ವೆಲ್ ಸಿನಿಮಾಗಳ ಲೋಕಿಯ ಪಾತ್ರದಿಂದ ಲೋಕಪ್ರಸಿದ್ಧರಾದ ಅವರು ಆರಿಸಿಕೊಂಡ ರಂಗಮಂದಿರದಲ್ಲಿ ಇದ್ದದ್ದು ಸುಮಾರು 160 ಸೀಟು. ಟಿಕೆಟ್ಟಿಗೆ ಲಾಟರಿ ಎತ್ತಿದರು. ಹ್ಯಾಮ್ಲೆಟ್ಟಿನ ಅಭಿಮಾನಿಗಳು ಯಾರಾದರೂ ಬಂದಿದ್ದರೋ ಇಲ್ಲವೋ ಯಾರೂ ವಿಚಾರಿಸಿಲ್ಲ. ನಾನೂರು ವರ್ಷಗಳಿಂದ 'ಇರಲೋ ಬೇಡವೋ' ಅಂತ ಕೇಳುತ್ತಲೇ ಇದ್ದಾನೆ, ಪಾಪ. ನೀನಿರು, ಆದರೆ ಸ್ವಲ್ಪ ಪಕ್ಕಕ್ಕಿರು ಅನ್ನುವುದು ನಮ್ಮ ಉತ್ತರ.

ತಮಾಷೆ ಏನೆಂದರೆ, ಆ ನಾಟಕದೊಳಗೇ ಒಂದು ನಾಟಕ ಕಂಪನಿ ಬರುತ್ತದೆ. ಪಟ್ಟಣದಲ್ಲಿ ಜನವೆಲ್ಲ ಚಿಕ್ಕ ಹುಡುಗರ ತಂಡಗಳ ಹಿಂದೆ ಬಿದ್ದಿದ್ದಾರೆ ಅಂತ ಈ ದೊಡ್ಡ ನಟರು ಗಂಟುಮೂಟೆ ಕಟ್ಟಿಕೊಂಡು ಅರಮನೆಗೆ ಬಂದಿರುತ್ತಾರೆ. ಹ್ಯಾಮ್ಲೆಟ್ ಅವರ ಹಳೇ ಅಭಿಮಾನಿ. ಖುಷಿಯಿಂದ ಬರಮಾಡಿಕೊಳ್ಳುತ್ತಾನೆ. ಗಮನಿಸಿ, ಆಗ ನಟರು ಅಭಿಮಾನಿಯ ಮನೆಗೆ ಹೋಗುತ್ತಿದ್ದರು. ಈಗ ಅಭಿಮಾನಿಯೇ ಸೂಟ್‌ಕೇಸ್ ಎಳೆದುಕೊಂಡು ನಟನ ಬಾಗಿಲಿಗೆ ಹೋಗುತ್ತಾನೆ. ಬಾಗಿಲು ತೆಗೆಯುವುದಿಲ್ಲ, ಅದು ಬೇರೆ ಮಾತು.

ಹೋಗುವುದಕ್ಕೆ ಮೊದಲು ಟಿಕೆಟ್ ಸಿಗಬೇಕಲ್ಲ. ಮೊದಲೆಲ್ಲ ಕ್ಯೂ ಅಂದರೆ ಕಾಲು ನೋಯುತ್ತಿತ್ತು, ಈಗ ಕಣ್ಣು ನೋಯುತ್ತದೆ. ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ನಡೆಯುವ ಒಬ್ಬ ಕುಳ್ಳ ಮನುಷ್ಯ. ನಿಮ್ಮ ಮುಂದೆ ಇಷ್ಟು ಸಾವಿರ ಜನ ಇದ್ದಾರೆ, ದಯವಿಟ್ಟು ಈ ಪುಟವನ್ನು ಮುಚ್ಚಬೇಡಿ ಅಂತ ಕೆಳಗೆ ಒಂದು ಸಾಲು. ಗೆಳೆಯ ಎರಡು ಲ್ಯಾಪ್‌ಟಾಪ್, ಮೂರು ಫೋನ್ ಸಾಲಾಗಿ ಇಟ್ಟುಕೊಂಡು ಐದು ಕುಳ್ಳರನ್ನು ನಡೆಸಿದ. ನಾಲ್ವರು ಮಧ್ಯದಲ್ಲೇ ಸುಸ್ತಾಗಿ ನಿಂತರು. ಐದನೆಯವನು ಗುರಿ ಮುಟ್ಟಿದ. ಆ ಕುಳ್ಳನ ಮೇಲೆ ಇವನಿಗಿದ್ದ ಪ್ರೀತಿ ನೋಡಿದರೆ ಟಿಕೆಟ್ ಅವನಿಗೇ ಕೊಟ್ಟುಬಿಡುತ್ತಾನೇನೋ ಅನಿಸಿತು.

2024ರಲ್ಲಿ ಸ್ಪೈಡರ್‌ಮ್ಯಾನ್ ಖ್ಯಾತಿಯ ಟಾಮ್ ಹಾಲೆಂಡ್ ಲಂಡನ್ನಿನಲ್ಲಿ ರೋಮಿಯೊ ಆದಾಗ ಸುಮಾರು ಎರಡು ಗಂಟೆಯಲ್ಲಿ ಟಿಕೆಟ್ ಖಾಲಿಯಾಯಿತು. ಇದು ಎರಡು ಗಂಟೆಯ ಆಟ ಅಂತ ಶೇಕ್ಸ್‌ಪಿಯರ್ ಆ ನಾಟಕದ ಶುರುವಿನಲ್ಲೇ ಬರೆದಿಟ್ಟಿದ್ದಾನೆ. ಯಾವ ಆಟ ಅಂತ ಈಗ ಗೊತ್ತಾಯಿತು.

ಟಿಕೆಟ್ ಸಿಕ್ಕಿತು. ಸೀಟು ಎಲ್ಲಿ? ಹಳೇ ರಂಗಮಂದಿರಗಳಲ್ಲಿ ಬಾಲ್ಕನಿಯನ್ನು ಹೊರಲು ಕಬ್ಬಿಣದ ಕಂಬಗಳಿರುತ್ತವೆ. ಕಂಬದ ಹಿಂದೆಯೂ ಸೀಟು ಇರುತ್ತದೆ. 'ನೋಟಕ್ಕೆ ಸ್ವಲ್ಪ ಅಡ್ಡಿ' ಅಂತ ಸಣ್ಣ ಅಕ್ಷರದಲ್ಲಿ ಹಾಕಿ ಅದನ್ನೂ ಮಾರುತ್ತಾರೆ. ಗೆಳೆಯ ಎರಡು ದಿನ ನಾಟಕ ನೋಡಿದ. ಎರಡನೇ ದಿನ ಸಿಕ್ಕಿದ್ದು ಇಂಥ ಸೀಟು. ಎಡಗಡೆಯಲ್ಲಿ ನಡೆಯುವುದು ಕಾಣುತ್ತದೆ. ಬಲಗಡೆಯದೂ ಕಾಣುತ್ತದೆ. ನಡುವೆ ಮಾತ್ರ ಕಂಬ. ನಿಮಗೇ ಗೊತ್ತಲ್ಲ, ಹೀರೋ ಆದವನು ನಿಲ್ಲುವುದು ನಡುವೆ. ಎರಡೂವರೆ ಗಂಟೆ ಕಂಬ ಮಾತಾಡಿತು. ಬಹಳ ಚೆನ್ನಾಗಿ ಮಾತಾಡಿತು ಅನ್ನುತ್ತಾನೆ. ಕಂಬಕ್ಕೆ ಹಸಿರು ಬಣ್ಣ, ಮೇಲ್ತುದಿಯಲ್ಲಿ ಚಿನ್ನದ ಎಲೆಗಳು, ಒಂದು ಎಲೆಯ ತುದಿ ಮುರಿದಿದೆ. ಹ್ಯಾಮ್ಲೆಟ್ಟಿನ ತಾಯಿಯ ಹೆಸರು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ಎಲೆಗಳೆಷ್ಟು ಅಂತ ಕೇಳಿ, ಹೇಳುತ್ತಾನೆ.

ಈಗ ನಾಟಕ ಶುರು. ಅಪ್ಪ ಸತ್ತು ಎರಡು ತಿಂಗಳಾಗಿಲ್ಲ. ಅಮ್ಮ ಚಿಕ್ಕಪ್ಪನನ್ನು ಮದುವೆಯಾಗಿದ್ದಾಳೆ. ಮಗ ಕಪ್ಪು ಬಟ್ಟೆ ತೊಟ್ಟು, ಮುಖ ಬಾಡಿಸಿಕೊಂಡು ಒಳಗೆ ಬರುತ್ತಾನೆ. ತಕ್ಷಣ ಚಪ್ಪಾಳೆ, ಶಿಳ್ಳೆ, ಕಿರುಚಾಟ! ರಾಜ ಮಾತು ನಿಲ್ಲಿಸಿ ನಿಂತಿದ್ದಾನೆ. ರಾಣಿ ತನ್ನ ಉಂಗುರ ನೋಡಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಈಟಿ ಹಿಡಿದ ಸೈನಿಕನಿಗೆ ಇಡೀ ನಾಟಕದಲ್ಲಿ ಮಾತೇ ಇಲ್ಲ. ಅವನಿಗೆ ಮಾತ್ರ ಏನೂ ವ್ಯತ್ಯಾಸವಾಗಿಲ್ಲ. ದುಃಖದಲ್ಲಿರುವ ಹುಡುಗ ಚಪ್ಪಾಳೆ ನಿಲ್ಲಲಿ ಅಂತ ಕಾಯುತ್ತಾ ಇನ್ನೂ ಜಾಸ್ತಿ ದುಃಖಪಡುತ್ತಾನೆ. ಅದು ನಟನೆಯೋ ನಿಜವೋ, ಯಾರಿಗೆ ಗೊತ್ತು.

ನನಗೆ ಒಗಟಾಗಿರುವುದು ಇದೇ. ಸಿನಿಮಾದವನು ಆರು ವಾರ ರಿಹರ್ಸಲ್ ಮಾಡಿ, ಉದ್ದುದ್ದ ಮಾತು ಬಾಯಿಪಾಠ ಮಾಡಿ, ಬೆವರು ಸುರಿಸಿ ಬರುವುದು ಸ್ವಲ್ಪ ಹೊತ್ತಾದರೂ ತಾನು ಬೇರೆ ಯಾರೋ ಆಗಬೇಕು ಅಂತ. ನಾವು ಸಾವಿರಾರು ಮೈಲಿ ದಾಟಿ ಹೋಗುವುದು ಅವನು ಬೇರೆ ಯಾರೂ ಆಗಬಾರದು ಅಂತ. ಅವನು ಪಾತ್ರದೊಳಗೆ ಒಂದು ಕಾಲಿಟ್ಟರೆ ಸಾಕು, ಇನ್ನೊಂದು ಕಾಲು ಹಿಡಿದು ಹೊರಗೆಳೆಯಲು ನಾವು ತಯಾರು.

ಇದು ಹೊಸ ರೋಗ ಅಂದುಕೊಳ್ಳಬೇಡಿ. 1804ರಲ್ಲಿ ಲಂಡನ್ನಿಗೆ ವಿಲಿಯಂ ಬೆಟ್ಟಿ ಎಂಬ 13 ವರ್ಷದ ಹುಡುಗ ಬಂದ. ದೊಡ್ಡವರ ಪಾತ್ರಗಳನ್ನೆಲ್ಲ ಮಾಡುತ್ತಿದ್ದ. ಕಾವೆಂಟ್ ಗಾರ್ಡನ್ ರಂಗಮಂದಿರದ ಮುಂದೆ ಎಂಥ ನೂಕುನುಗ್ಗಲೆಂದರೆ ಸೈನಿಕರನ್ನು ಕರೆಸಬೇಕಾಯಿತು. ಅವನ ಹ್ಯಾಮ್ಲೆಟ್ ನೋಡಲು (ಮತ್ತೆ ಹ್ಯಾಮ್ಲೆಟ್!) ಸಂಸತ್ತಿನ ಕಲಾಪವನ್ನೇ ಮುಂದಕ್ಕೆ ಹಾಕಿದರು ಅನ್ನುವ ಕತೆಯೂ ಇದೆ. ಚಿಕ್ಕ ಹುಡುಗರಿಂದ ನಮಗೆ ಹೊಟ್ಟೆಪಾಡಿಲ್ಲ ಅಂತ ನಾಟಕದೊಳಗೆ ನಟರು ಊರು ಬಿಟ್ಟಿದ್ದರಲ್ಲ, ಇನ್ನೂರು ವರ್ಷ ಬಿಟ್ಟು ಆ ನಾಟಕವನ್ನೇ ಚಿಕ್ಕ ಹುಡುಗನೊಬ್ಬ ಹೊಡೆದುಕೊಂಡ.

ಬೆಟ್ಟಿಯ ಅಭಿಮಾನಿಗಳ ಹತ್ತಿರ ಫೋನ್ ಇರಲಿಲ್ಲ. ಅದೊಂದೇ ವ್ಯತ್ಯಾಸ. 2015ರ ಆಗಸ್ಟಿನಲ್ಲಿ ಕಂಬರ್‌ಬ್ಯಾಚ್ ನಾಟಕ ಮುಗಿಸಿ ಹಿಂಬಾಗಿಲಿಂದ ಬಂದವರು ಅಭಿಮಾನಿಗಳ ಮುಂದೆ ನಿಂತು ಬೇಡಿಕೊಂಡರು. ಕತ್ತಲಲ್ಲಿ ನಿಮ್ಮ ಕ್ಯಾಮೆರಾದ ಕೆಂಪು ದೀಪ ನನಗೆ ಕಾಣುತ್ತದೆ, ದಯವಿಟ್ಟು ನಾಟಕವನ್ನು ಚಿತ್ರೀಕರಿಸಬೇಡಿ ಅಂತ. ಅಭಿಮಾನಿಗಳು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು. ಹೇಗೆ ಗೊತ್ತು ಅಂತೀರಾ? ಅವರು ಬೇಡಿಕೊಂಡಿದ್ದನ್ನು ಅಲ್ಲಿದ್ದವರು ಚಿತ್ರೀಕರಿಸಿ ಇಡೀ ಜಗತ್ತಿಗೆ ತೋರಿಸಿದರು.

ಅದಕ್ಕೆ ಒಂದು ತಿಂಗಳು ಮುಂಚೆ ನ್ಯೂಯಾರ್ಕಿನ ರಂಗಮಂದಿರಗಳಲ್ಲಿ ಎರಡು ಪ್ರಸಂಗ ನಡೆದವು. ನಟಿ ಪ್ಯಾಟಿ ಲುಪೋನ್ ನಾಟಕದ ನಡುವೆ ಫೋನ್ ಒತ್ತುತ್ತ ಕೂತಿದ್ದ ಪ್ರೇಕ್ಷಕಿಯ ಕೈಯಿಂದ ಅದನ್ನು ಕಿತ್ತುಕೊಂಡು ನೇಪಥ್ಯಕ್ಕೆ ಹೋದರು, ಪಾತ್ರದಿಂದ ಹೊರಗೆ ಬರದೆಯೇ. ಆದರೆ ನನಗೆ ಇಷ್ಟವಾದದ್ದು ಇನ್ನೊಂದು. ನಾಟಕ ಶುರುವಾಗುವ ಮುಂಚೆ ಒಬ್ಬ ಹುಡುಗ ಸೀದಾ ರಂಗದ ಮೇಲೆ ಹತ್ತಿದ. ಅಲ್ಲಿ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಕಂಡಿತು. ಫೋನಿನ ಚಾರ್ಜರ್ ಚುಚ್ಚಿದ. ಚಾರ್ಜ್ ಆಗಲಿಲ್ಲ. ಆಗುವುದಾದರೂ ಹೇಗೆ, ಗೋಡೆಯೂ ಸೆಟ್ಟು, ಪ್ಲಗ್ಗೂ ಸೆಟ್ಟು. ಜನ ಅವನನ್ನು ನೋಡಿ ನಕ್ಕರು, ಬೈದರು. ನನಗೆ ಮಾತ್ರ ಅವನ ಮೇಲೆ ಗೌರವ. ಬಂದವರೆಲ್ಲ ನಟನನ್ನಷ್ಟೇ ನಿಜ ಅಂತ ನಂಬಿದರೆ ಅವನು ಗೋಡೆಯನ್ನೂ ನಂಬಿದ. ರಂಗಸಜ್ಜಿಕೆ ಮಾಡಿದವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾ?

2025ರ ಬೇಸಿಗೆಯಲ್ಲಿ ಲಂಡನ್ ಪಲೇಡಿಯಂನಲ್ಲಿ ಎವಿಟಾ ಸಂಗೀತ ನಾಟಕ. ಸಿನಿಮಾ ತಾರೆ ರೇಚಲ್ ಝೆಗ್ಲರ್ ನಾಯಕಿ. ನಾಟಕದ ಬಲು ಪ್ರಸಿದ್ಧ ಹಾಡು ಬಂದಾಗ ಆಕೆ ಕಟ್ಟಡದ ಹೊರಗಿನ ಬಾಲ್ಕನಿಗೆ ಬಂದು, ಬೀದಿಯಲ್ಲಿ ನಿಂತ ಜನರಿಗಾಗಿ ಹಾಡುತ್ತಿದ್ದರು. ಒಳಗೆ ಕೂತವರಿಗೆ ಅದು ಪರದೆಯ ಮೇಲೆ ನೇರಪ್ರಸಾರ. ಅಂದರೆ ಲೆಕ್ಕ ಹೀಗೆ: ಟಿಕೆಟ್ ಕೊಂಡವರಿಗೆ ವಿಡಿಯೊ, ಕೊಳ್ಳದವರಿಗೆ ದರ್ಶನ. ಕೆಲವರು ಸಿಟ್ಟಾದರು. ಇನ್ನು ಕೆಲವರು ಆಹಾ ಎಂಥ ಪ್ರಯೋಗ ಅಂದರು. ಅರ್ಜೆಂಟೀನಾದ ಅಧ್ಯಕ್ಷರ ಹೆಂಡತಿ ಬಾಲ್ಕನಿಯಿಂದ ಬಡಜನರನ್ನು ಉದ್ದೇಶಿಸಿ ಹಾಡುವ ದೃಶ್ಯ ಅದು. ಹಾಗಾಗಿ ಬೀದಿಯವರಿಗೆ ಬಿಟ್ಟಿಯಾಗಿ ಹಾಡು ಸಿಕ್ಕಿದ್ದಲ್ಲದೆ ಬಡಜನರ ಪಾತ್ರವೂ ಸಿಕ್ಕಿತು. ಒಳಗಿದ್ದವರ ಪೈಕಿ ಟಿಕೆಟ್ಟಿಗಾಗಿ ಉಳಿತಾಯವೆಲ್ಲ ಖಾಲಿ ಮಾಡಿಕೊಂಡವರೂ ಇದ್ದಿರಬೇಕು. ಬಡಜನರ ಪಾತ್ರಕ್ಕೆ ಅವರೇ ಹೆಚ್ಚು ಸೂಕ್ತವಾಗಿದ್ದರು.

ಪರದೆಯ ಮೇಲೇ ನೋಡುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು ಅಂತ ಗೆಳೆಯನನ್ನು ಕೇಳಿದೆ. 2009ರಿಂದಲೇ ಬ್ರಿಟನ್ನಿನ ನ್ಯಾಷನಲ್ ಥಿಯೇಟರ್ ನಾಟಕಗಳನ್ನು ಸಿನಿಮಾ ಮಂದಿರಗಳಿಗೆ ನೇರಪ್ರಸಾರ ಮಾಡುತ್ತಿದೆ. ಕಂಬರ್‌ಬ್ಯಾಚ್ ಅವರ ಹ್ಯಾಮ್ಲೆಟ್ಟೂ ಹಾಗೆ ಬಂತು. ಕಂಬವಿಲ್ಲ, ಹಣೆಯ ಬೆವರೂ ಕಾಣುತ್ತದೆ. ಅವನು ಕರುಣೆಯಿಂದ ನನ್ನನ್ನು ನೋಡಿದ. "ನಿಂಗೆ ಅರ್ಥ ಆಗಲ್ಲ ಬಿಡು. ಅಲ್ಲಿ ನಾನೂ ಅವನೂ ಒಂದೇ ಗಾಳಿ ಉಸಿರಾಡಿದ್ವಿ." ಸಾವಿರ ಜನ ಕೆಮ್ಮುತ್ತಿದ್ದ ಗಾಳಿ ಅದು. ನಾನು ಸುಮ್ನಾದೆ.

ಇಷ್ಟಾದರೂ ಅವನು ಅದೃಷ್ಟವಂತ. ಅವನ ಹೀರೋ ಬಂದಿದ್ದ. ಎಷ್ಟೋ ಸಲ ಬರುವುದೇ ಇಲ್ಲ. ಬಾಗಿಲಲ್ಲಿ ಕೊಡುವ ಪುಸ್ತಿಕೆ ತೆರೆದರೆ ಅಂಗೈಯಗಲದ ಒಂದು ಚೀಟಿ ತೊಡೆಯ ಮೇಲೆ ಬೀಳುತ್ತದೆ: ಇಂದಿನ ಪ್ರದರ್ಶನದಲ್ಲಿ ಈ ಪಾತ್ರವನ್ನು ಇಂಥವರು ಮಾಡುತ್ತಾರೆ. ಅಷ್ಟೇ. ವಿಮಾನ, ವೀಸಾ, ರಜೆ, ಬಾಸ್‌ಗೆ ಹೇಳಿದ ಸುಳ್ಳು, ಎಲ್ಲದಕ್ಕೂ ಒಂದೇ ಸಾಲಿನ ಉತ್ತರ. 2008ರ ಡಿಸೆಂಬರಿನಲ್ಲಿ ಟೆನೆಂಟ್ ಅವರ ಹ್ಯಾಮ್ಲೆಟ್ ಲಂಡನ್ನಿಗೆ ಬಂದಾಗ ಅವರಿಗೆ ಬೆನ್ನು ನೋವು, ಆಪರೇಷನ್ ಆಯಿತು. ಲೇರ್ಟಿಸ್ ಪಾತ್ರದ ಎಡ್ವರ್ಡ್ ಬೆನೆಟ್ ಹ್ಯಾಮ್ಲೆಟ್ ಆಗಿ ನಿಂತರು. ವಿಮರ್ಶಕರ ಮುಂದೆಯೂ ಅವರೇ ಆಡಿ ಮೆಚ್ಚುಗೆ ಪಡೆದರು. ಹ್ಯಾಮ್ಲೆಟ್ ಬೇಕಾದವರಿಗೆ ಹ್ಯಾಮ್ಲೆಟ್ ಸಿಕ್ಕಿದ. ಡಾಕ್ಟರ್ ಬೇಕಾಗಿದ್ದವರಿಗೆ ಮಾತ್ರ ಡಾಕ್ಟರ್ ಸಿಗಲಿಲ್ಲ, ಡಾಕ್ಟರೇ ಆಸ್ಪತ್ರೆ ಸೇರಿದ್ದರು.

ನಾಟಕ ಮುಗಿದ ಮೇಲೆ ನಿಜವಾದ ನಾಟಕ ಹಿಂಬಾಗಿಲಲ್ಲಿ. ಬ್ಯಾರಿಕೇಡಿನ ಹಿಂದೆ ಜನ, ಜನರ ಕೈಯಲ್ಲಿ ಪೆನ್ನು, ಪೋಸ್ಟರ್, ಫೋನ್. ಬಾಗಿಲು ಕಿರ್ರೆಂದರೆ ಸಾಕು, ಎಲ್ಲ ಫೋನುಗಳೂ ಒಟ್ಟಿಗೆ ಮೇಲೇಳುತ್ತವೆ. ಮೊದಲು ಬಂದವನು ಚಿಕ್ಕಪ್ಪ, ಅಂದರೆ ರಾಜನ ಪಾತ್ರದವನು. ಹೆಗಲಿಗೆ ಚೀಲ, ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ. ಮೂವತ್ತು ವರ್ಷದಿಂದ ರಂಗದ ಮೇಲಿರುವ ಮನುಷ್ಯ ಅಂತ ಪುಸ್ತಿಕೆಯಲ್ಲಿ ಹಾಕಿದ್ದಾರಂತೆ. ಫೋನುಗಳೆಲ್ಲ ಕೆಳಗಿಳಿದವು. ಒಬ್ಬಳು ಬಹಳ ಮರ್ಯಾದೆಯಿಂದ ಕೇಳಿದಳು, "ಸರ್, ಅವರು ಬಟ್ಟೆ ಬದಲಾಯಿಸಿಕೊಂಡ್ರಾ?" ಅವನಿಗೆ ಇದು ಅಭ್ಯಾಸ. "ಬರ್ತಾರಮ್ಮ, ಬರ್ತಾರೆ" ಅಂತ ಹೇಳಿ ಬಸ್ ಹಿಡಿಯಲು ಓಡಿದ. ಆಮೇಲೆ ಸತ್ತ ಅಪ್ಪನ ಭೂತ ಬಂತು. ಅದಕ್ಕಂತೂ ಯಾರೂ ಏನೂ ಕೇಳಲಿಲ್ಲ.

ಹೀರೋ ಬಂದಿದ್ದನ್ನು ಗೆಳೆಯ ನನಗೆ ವಿಡಿಯೊದಲ್ಲಿ ತೋರಿಸಿದ. ಹನ್ನೊಂದು ಸೆಕೆಂಡು. ಯಾರದೋ ತಲೆ, ಇನ್ಯಾರದೋ ಕೂದಲು, ಛತ್ರಿ, ಕಾರಿನ ಬಾಗಿಲು. ಏಳನೇ ಸೆಕೆಂಡಿನಲ್ಲಿ ನಿಲ್ಲಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿದ. ಬೂದು ಬಣ್ಣದ ತೋಳು ಕಾಣಿಸಿತು.

"ಇದು ಅವನ ಮೊಣಕೈ" ಅಂದ, ದನಿ ತಗ್ಗಿಸಿ.

ನಾನೂ ಭಕ್ತಿಯಿಂದ ನೋಡಿದೆ. ಚೆನ್ನಾಗಿರುವ ಮೊಣಕೈ.

"ಮುಂದಿನ ವರ್ಷ ಮತ್ತೆ ಹೋಗ್ತಿದೀನಿ" ಅಂದ. "ಟಿಕೆಟ್ ತಗೊಂಡಾಯ್ತು."

"ಯಾವ ನಾಟಕ?"

"ಅದಿನ್ನೂ ಹೇಳಿಲ್ಲ ಕಣೋ."