ಯಾವ ಪ್ಲಾಟಿನ ಮಾಲು ಅಂತ ಕೇಳಿದರೆ ನಗ್ತಾರ

ಹೋದ ಹಂಗಾಮಿನಲ್ಲಿ, ರಫ್ತಿನ ದ್ರಾಕ್ಷಿ ಬಾಕ್ಸಿಗೆ ತುಂಬುವ ನಮ್ಮ ಪ್ಯಾಕ್‌ಹೌಸಿಗೆ ಅಣ್ಣತಮ್ಮಂದಿರಿಬ್ಬರ ದ್ರಾಕ್ಷಿ ಬರುವುದಿತ್ತು. ಇಬ್ಬರಿಗೂ ಬದು ಒಂದೇ, ಬಾವಿ ಒಂದೇ, ಔಷಧ ಹೊಡೆಯುವ ಟ್ರ್ಯಾಕ್ಟರೂ ಒಂದೇ. ಕೊಯ್ಲಿಗೆ ಮುಂಚೆ ಲ್ಯಾಬಿನವರು ಬಂದು ಎರಡೂ ತೋಟದ ಗೊನೆ ಒಯ್ದರು. ತಮ್ಮನದು ಪಾಸಾಯಿತು. ಅಣ್ಣನ ಪ್ಲಾಟಿಗೆ ‘ಇಂಟರ್ನಲ್ ಅಲರ್ಟ್’ ಬಂತು, ಕೀಟನಾಶಕದ ಉಳಿಕೆ ಮಿತಿ ಮೀರಿದೆ ಎಂದು. ಕಂಪ್ಯೂಟರಿನಲ್ಲಿ ಆ ಒಂದು ಪ್ಲಾಟಿನ ನಂಬರಿಗೆ ಮಾತ್ರ ಬೀಗ ಬಿತ್ತು. ತಮ್ಮನ ದ್ರಾಕ್ಷಿ ಅದೇ ವಾರ ಕಂಟೇನರ್ ಹತ್ತಿ ನ್ಹಾವಾ ಶೇವಾ ಬಂದರಿನ ದಾರಿ ಹಿಡಿಯಿತು. ಅಣ್ಣ ಕೂಗಾಡಲಿಲ್ಲ. ಮೊಬೈಲಿನಲ್ಲಿ ರಿಪೋರ್ಟ್ ನೋಡಿದ, ಚೀಲದಿಂದ ಡೈರಿ ತೆಗೆದು ಯಾವ ತಾರೀಕಿಗೆ ಏನು ಹೊಡೆದಿದ್ದೆ ಎಂದು ಬೆರಳಾಡಿಸಿದ, “ಮಾಝೀಚ್ ಚೂಕ”, ನನ್ನದೇ ತಪ್ಪು, ಅಂದು ಎದ್ದು ಹೋದ.

ವಿಜಯಪುರ ಜಿಲ್ಲೆಯ ಬಬಲೇಶ್ವರದ ಕಡೆಯಿಂದ ಹೊಟ್ಟೆಪಾಡಿಗೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ತಾಸಗಾಂವಕ್ಕೆ ಬಂದ ನನಗೆ ಆ ಶಾಂತಿ ಸ್ವಲ್ಪ ಚುಚ್ಚಿತು. ನಮ್ಮ ಕಡೆ ಇಂಥದು ಆಗಿದ್ದರೆ ಮೊದಲು ಔಷಧದ ಅಂಗಡಿಯವನಿಗೆ ಬೈಗುಳ, ಆಮೇಲೆ ಮೋಡಕ್ಕೆ, ಆಮೇಲೆ ತೋಟದ ಮುಂದೆ ಹಾದುಹೋದ ಯಾರದೋ ದೃಷ್ಟಿಗೆ. ಒಂದು ತೆಂಗಿನಕಾಯಿ ಒಡೆದರೆ ವಿಷಯ ಮುಗಿಯಿತು.

ಇಲ್ಲಿಯವರು ಹುಟ್ಟಾ ಸಾಚಾ ಎಂದು ನಾನು ಹೇಳುತ್ತಿಲ್ಲ. ಏಟು ತಿಂದು ಕಲಿತವರು. 2003ರ ಸುಮಾರಿಗೆ ಯೂರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಸಿಕ್ಕು ರಾದ್ಧಾಂತವಾಯಿತು. ಅದರ ಬೆನ್ನಿಗೇ ಉಳಿಕೆ ಪರೀಕ್ಷೆಯ ಪದ್ಧತಿ ಬಂತು, ಪುಣೆ ಹತ್ತಿರದ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಅದರ ಉಸ್ತುವಾರಿ ಬಂತು. 2006ರಲ್ಲಿ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೇಡಾ, ದ್ರಾಕ್ಷಿಯ ಜಾಡು ಹಿಡಿಯುವ ಕಂಪ್ಯೂಟರ್ ವ್ಯವಸ್ಥೆ ‘ಗ್ರೇಪ್‌ನೆಟ್’ ಶುರು ಮಾಡಿತು. ಅಂದಿನಿಂದ ಯೂರೋಪಿಗೆ ಹೋಗುವ ಪ್ರತಿ ತೋಟಕ್ಕೂ ಒಂದು ನಂಬರು. ರೈತ, ಲ್ಯಾಬು, ಪ್ಯಾಕ್‌ಹೌಸು, ಪ್ಯಾಲೆಟ್ಟು, ಎಲ್ಲರ ಕೊರಳಿಗೂ ಅದೇ ನಂಬರು. ಅಲ್ಲಿಯ ಅಂಗಡಿಯಲ್ಲಿ 500 ಗ್ರಾಮಿನ ಪನೆಟ್, ಅಂದರೆ ಪುಟ್ಟ ಡಬ್ಬಿ, ಕೆಟ್ಟರೆ ಇಲ್ಲಿ ಯಾರ ಬಾಗಿಲು ಬಡಿಯಬೇಕು ಎಂಬುದು ಗೊತ್ತಿರುತ್ತದೆ.

ಯುಗಾದಿಗೆ ಊರಿಗೆ ಹೋದೆ. ಕಾಕಾನ ರ‍್ಯಾಕಿನಲ್ಲಿ ದ್ರಾಕ್ಷಿ ಒಣಗುತ್ತಿತ್ತು. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಬಂದರೆ ಪುಣ್ಯ ಎನ್ನುವ ಲೆಕ್ಕದ ದಿನಗಳವು. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೋನೇಟ್ ಕಲಸಿದ ನೀರಲ್ಲಿ ಅದ್ದಿ, ಹಸಿರು ನೆಟ್ಟಿನ ನೆರಳಲ್ಲಿ ಹರವಿದ್ದರು. ಕೆಳಗಿನ ಅಂತಸ್ತಿನದು ಕಾಕಾನ ಮಾಣಿಕ ಚಮನ್ ತಳಿ, ಮೇಲಿನದು ಥಾಮ್ಸನ್ ತಳಿ. ನಡುವಿನದು ಬಾಜೂ ಹೊಲದವರದು, ಅವರಿಗೆ ಸ್ವಂತ ರ‍್ಯಾಕಿಲ್ಲ. ಉದುರಿಸುವಾಗ ಎಲ್ಲ ಒಂದೇ ತಾಡಪಾಲಿನ ಮೇಲೆ.

“ಕಾಕಾ, ಇದರಾಗ ಯಾರದು ಯಾವ ಪ್ಲಾಟಿಂದು ಹೆಂಗ ತಿಳಿತೈತ್ರಿ?” ಅಂದೆ.

ಕಾಕಾ ನಕ್ಕರು. “ಏ ತಮ್ಮಾ, ದ್ರಾಕ್ಷಿಗೇನು ಆಧಾರ್ ಕಾರ್ಡ್ ಮಾಡಸ್ತಿ? ದಲಾಲ್ರು ನಮ್ಮ ಮುಖ ನೋಡಿ ತಗೋತಾರ, ಮಾಲ್ ನೋಡಿ ಅಲ್ಲ.”

ಅಲ್ಲಿದ್ದವರೆಲ್ಲ ನಕ್ಕರು, ಚಿಕ್ಕಮ್ಮ ಸಹಿತ. ಆ ನಗುವೇ ನನಗೆ ತಡೆಯಲಾಗದ್ದು. ಅದರ ಹಿಂದಿನ ವರ್ಷ ನಡೆದದ್ದು ಅವರಿಗೆ ಮರೆತಿತ್ತು, ನನಗೆ ಮರೆತಿರಲಿಲ್ಲ. ಆರು ಮಂದಿಯ ಮಾಲು ಒಂದೇ ಗಾಡಿಯಲ್ಲಿ ಕೋಲ್ಡ್ ಸ್ಟೋರೇಜಿಗೆ ಹೋಗಿತ್ತು. 15 ಕಿಲೋದ ಬಾಕ್ಸುಗಳು ಜಾತ್ರೆಯಲ್ಲಿ ಬಿಟ್ಟ ಚಪ್ಪಲಿಯ ಹಾಗೆ ಒಂದರ ಮೇಲೊಂದು. ಸವಾಲಿನ, ಅಂದರೆ ಹರಾಜಿನ ದಿನ ಖರೀದಿದಾರ ಕೈಗೆ ಸಿಕ್ಕ ನಾಲ್ಕು ಬಾಕ್ಸು ಒಡೆದ. ಒಂದರಲ್ಲಿ ಜಿಗುಟು, ಇನ್ನೊಂದರಲ್ಲಿ ಕರಿ ಕಾಳು. ಇಡೀ ಲಾಟಿಗೆ ದರ ಬಿತ್ತು. ಕಾಕಾನ ಮಾಲು ಬಂಗಾರದಂತೆ ಹಳದಿಯಾಗಿತ್ತು, ನಾನೇ ನೋಡಿದ್ದೆ. ಅದಕ್ಕೂ ಅದೇ ದರ. ಕೆಟ್ಟದ್ದು ಯಾರದು ಎಂದು ಯಾರಿಗೂ ಗೊತ್ತಾಗಲಿಲ್ಲ, ಆದ್ದರಿಂದ ಯಾರದೂ ತಪ್ಪಾಗಲಿಲ್ಲ. ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದಾಗ ಕಾಕಾ ಅಂದದ್ದು ಇಷ್ಟೇ: “ಹೋಗ್ಲಿ ಬಿಡು, ಎಲ್ಲಾರ್ದೂ ಹಂಗ ಆಗೈತಿ.”

ಎಲ್ಲರದೂ ಹಾಗೆ ಆಗಿದ್ದರೆ ಅದು ಸಮಾಧಾನ ಹೇಗಾದೀತು? ನಮ್ಮ ಜಿಲ್ಲೆಯಷ್ಟು ದ್ರಾಕ್ಷಿ ಬೆಳೆಯುವ ಜಿಲ್ಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲ. ತಿಕೋಟಾದ ಒಣ ಹವೆಯಲ್ಲಿ ಒಣಗಿದ ಕಾಳಿನ ರುಚಿ ಬೇರೆಯೇ. ಆದರೂ ಗಡಿ ದಾಟಿ ಇಲ್ಲಿ ಸವಾಲಿಗೆ ಬಿದ್ದ ಮೇಲೆ ಆ ಊರಿನ ಹೆಸರು ಯಾವ ಪ್ಯಾಕೆಟ್ಟಿನ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾಂಗ್ಲಿಯವರು ತಮ್ಮ ಬೇದಾಣೆಗೆ, ಅಂದರೆ ಒಣದ್ರಾಕ್ಷಿಗೆ, 2016ರಲ್ಲೇ ಊರಿನ ಹೆಸರಿನ ಗುರುತಾದ ಜಿಐ ಮಾಡಿಸಿಕೊಂಡರು. ನಾವು ಮುಖ ತೋರಿಸುತ್ತ ಕೂತಿದ್ದೇವೆ.

ನಂಬರು ತಪ್ಪು ಹಿಡಿಯುವುದಕ್ಕಷ್ಟೇ ಅಲ್ಲ, ಗಂಡಾಂತರ ಬಂದಾಗ ತೀರ್ಮಾನ ಮಾಡುವುದಕ್ಕೂ ಬೇಕು. 2024ರ ಶುರುವಿನಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್ನಿನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದರಲ್ಲ, ಆಗ ಯೂರೋಪಿನ ಕಂಟೇನರುಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರ ಸುತ್ತಿ ಹೋಗಬೇಕಾಯಿತು. ಬಾಡಿಗೆ ಏರಿತು, ದಿನಗಳು ಹೆಚ್ಚಾದವು. ಆವಾಗ ನಮ್ಮಲ್ಲಿ ರಾತ್ರಿಯೆಲ್ಲ ಕೂತು ಪಟ್ಟಿ ನೋಡಿದರು: ಯಾವ ಪ್ಲಾಟಿನ ಕಾಳು ಗಟ್ಟಿ, ಯಾವುದರ ತೊಟ್ಟು ಹಸಿರು, ಯಾವುದು ಅಷ್ಟು ದಿನ ತಾಳುತ್ತದೆ. ತಾಳುವಂಥದ್ದು ಹಡಗಿಗೆ, ಮೆತ್ತಗಿದ್ದದ್ದು ದುಬೈಗೆ, ಮುಂಬೈಗೆ. ಕಾಕಾನ ತಾಡಪಾಲಿನ ಮೇಲಿನ ರಾಶಿಯಲ್ಲಿ ಇಂಥ ತೀರ್ಮಾನ ಹೇಗೆ ಮಾಡುತ್ತೀರಿ?

ನಮ್ಮ ರಾಜ್ಯಕ್ಕೆ ತಂತ್ರಜ್ಞಾನ ಗೊತ್ತಿಲ್ಲವೆಂದಲ್ಲ. ದೇಶದಲ್ಲಿ ಇ-ನಾಮ್ ಎಂಬ ಆನ್‌ಲೈನ್ ಕೃಷಿ ಮಾರುಕಟ್ಟೆ ಬಂದದ್ದು 2016ರಲ್ಲಿ. ಕರ್ನಾಟಕ ತನ್ನ ಏಕೀಕೃತ ಆನ್‌ಲೈನ್ ಮಾರುಕಟ್ಟೆಯನ್ನು 2014ರಲ್ಲೇ ಶುರು ಮಾಡಿತ್ತು. ಅದನ್ನು ನಾನು ಇಲ್ಲಿಯವರ ಮುಂದೆ ಎದೆಯುಬ್ಬಿಸಿ ಹೇಳುವುದೂ ಉಂಟು. ಆದರೆ ಅದರಲ್ಲಿ ದರ ಕಾಣುತ್ತದೆ, ಹೊಲ ಕಾಣುವುದಿಲ್ಲ.

ಇಷ್ಟು ಓದಿದರೆ ಕಾಕಾ ಸುಮ್ಮನೆ ಬಿಡುವವರಲ್ಲ, ಹಾಗಾಗಿ ಕೆಲವು ಮಾತು ಒಪ್ಪಿಕೊಳ್ಳಲೇಬೇಕು. 2010ರಲ್ಲಿ ಗ್ರೇಪ್‌ನೆಟ್ ಜೋರಾಗಿ ನಡೆಯುತ್ತಿದ್ದಾಗಲೇ ಯೂರೋಪಿನವರು ನಮ್ಮ ದ್ರಾಕ್ಷಿಯನ್ನು ತಿರಸ್ಕರಿಸಿದರು. ಬಳ್ಳಿಯ ಬೆಳವಣಿಗೆ ತಡೆಯಲು ಹೊಡೆಯುವ ಸಿಸಿಸಿ ಎಂಬ ರಾಸಾಯನಿಕದ ಅಂಶ ಸಿಕ್ಕಿತ್ತು. ಲ್ಯಾಬಿನವರ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಎಲ್ಲರ ಬಳಿಯೂ ಪಾಸಾದ ಕಾಗದ, ಎಲ್ಲರ ಕೊರಳಲ್ಲೂ ನಂಬರು, ಕಂಟೇನರು ಮಾತ್ರ ಅಲ್ಲಿಯ ಬಂದರಿನಲ್ಲಿ. ಹೊಣೆ ಯಾರದು ಎಂದು ಕೇಳಿದಾಗ ನಮ್ಮೂರಿನವರಿಗಿಂತ ಚಂದವಾಗಿ ಒಬ್ಬರ ಮೇಲೊಬ್ಬರು ಹಾಕಿದರು.

ಇನ್ನೊಂದು. ಬೀಗ ಬಿದ್ದ ಆ ಅಣ್ಣನ ದ್ರಾಕ್ಷಿ ಎಲ್ಲಿಗೆ ಹೋಯಿತು? ಕಾದು ಮತ್ತೊಮ್ಮೆ ಪರೀಕ್ಷೆ ಮಾಡಿಸಬಹುದಿತ್ತು. ಮೋಡ ಕಟ್ಟಿತ್ತು, ಹಣ್ಣು ನಿಲ್ಲುವಂತಿರಲಿಲ್ಲ. ನಗದು ಕೊಟ್ಟ ವ್ಯಾಪಾರಿ ಕೊಯ್ದುಕೊಂಡು ಹೋದ. ಡಚ್ಚರ ಮಕ್ಕಳು ತಿನ್ನಬಾರದ ಹಣ್ಣನ್ನು ನಮ್ಮ ಮಕ್ಕಳು ಯಾವುದೋ ಸಂತೆಯಲ್ಲಿ ಕೊಂಡು ತಿಂದಿರಬೇಕು. ಅದಕ್ಕೆ ನಂಬರಿಲ್ಲ, ಅಲರ್ಟಿಲ್ಲ. ಈ ಪದ್ಧತಿಯಲ್ಲಿ ಯಾರ ಹೊಟ್ಟೆಗೆ ಬೆಲೆ ಎಂದು ನಾನು ಪ್ಯಾಕ್‌ಹೌಸಿನಲ್ಲಿ ಕೇಳಿದರೆ ನನ್ನ ಕೆಲಸ ಹೋಗುತ್ತದೆ. ಅಲ್ಲದೆ ಹಸಿ ದ್ರಾಕ್ಷಿ ಒಯ್ದು ರೊಕ್ಕ ಕೊಡದೆ ಪರಾರಿಯಾಗುವ ವ್ಯಾಪಾರಿಗಳ ಸುದ್ದಿ ಈ ಕಡೆಯ ಪೇಪರಿನಲ್ಲಿ ಹಂಗಾಮು ಬಂದರೆ ತಪ್ಪುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಹಸಿ ದ್ರಾಕ್ಷಿ ಕೇಳುವವರಿಲ್ಲದೆ ಜನ ಸಿಕ್ಕದ್ದನ್ನೆಲ್ಲ ರ‍್ಯಾಕಿಗೆ ಏರಿಸಿದರು. ಇಲ್ಲಿ ತಾಸಗಾಂವದ ಕಡೆ ಎಷ್ಟೋ ರಫ್ತುದಾರರ ಫೋನು ಬಂದ್ ಆಗಿತ್ತು. ಕಾಕಾನ ದಲಾಲ ಮಾತ್ರ ಮಾಲು ಮಾರುವ ಮೊದಲೇ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ ಖರ್ಚಿಗೆ ರೊಕ್ಕ ಕಳಿಸಿದ. ಒಂದು ಚೀಟಿಯೂ ಇಲ್ಲ, ಸಹಿಯೂ ಇಲ್ಲ. ಅದನ್ನು ಕಾಕಾ ನನಗೆ ಎಷ್ಟು ಸಲ ಹೇಳಿದ್ದಾರೋ! ನನ್ನ ಬಳಿ ಅದಕ್ಕೆ ಉತ್ತರವಿಲ್ಲ. ಆ ದಲಾಲನ ಮಗನೂ ಹಾಗೇ ಇರುತ್ತಾನಾ ಎಂದು ಕೇಳಿದರೆ ಅವರ ಬಳಿಯೂ ಇಲ್ಲ.

ಈ ಸಲ ಮೂರು ಬಣ್ಣದ ಕ್ರೇಟು ತಂದುಕೊಡುತ್ತೇನೆ ಎಂದಿದ್ದೇನೆ. ಮಾಣಿಕ ಚಮನಿಗೆ ಒಂದು ಬಣ್ಣ, ಥಾಮ್ಸನ್‌ಗೆ ಒಂದು, ಬಾಜೂ ಹೊಲದವರಿಗೆ ಒಂದು. ಬಾಕ್ಸಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಪ್ಲಾಟಿನ ಹೆಸರು. ಕಾಕಾ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಬಾಜೂ ಹೊಲದವ್ರಿಗೆ ಬ್ಯಾರೆ ಬಣ್ಣ ಅಂದ್ರ ಅವರ ಸಿಟ್ಟಾಗ್ತಾರೋ ತಮ್ಮಾ,” ಅಂದರು. “ನೀನ ಬಂದು ಹೇಳು ಅವರಿಗೆ. ಕ್ರೇಟಿನ ರೊಕ್ಕಾನೂ ನೀನ ಕೊಡು.”